ಹೃದಯಯಂತ್ರದ ಅಂಕಿಗಳನ್ನು ಓದುವ ಕ್ರಮ

ಕನ್ನಡದಲ್ಲಿ ‘ನಾಡಿ ನಿಂತಿತು’ ಎಂದರೆ ಪ್ರಾಣ ಹೋಯಿತೆಂದೇ ಅರ್ಥ. ನಾಡಿಯನ್ನು ಹಿಡಿದು ರೋಗವನ್ನು ನಿರ್ಣಯಿಸುವ ಕಲೆ ನಮ್ಮ ವೈದ್ಯಪಂಡಿತರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಚರಕ ಸುಶ್ರುತರ ಸಂಹಿತೆಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲದಿದ್ದರೂ ಶಾರ್ಙ್ಗಧರಸಂಹಿತೆಯ ಕಾಲಕ್ಕೆ ಅದು ಸ್ಪಷ್ಟವಾದ ರೂಪವನ್ನು ತಾಳಿತು. ಆದರೆ ಇಂದು, ಮಣಿಕಟ್ಟಿನಲ್ಲಿ ನಾಡಿ ಕೈಗೆ ಸಿಗದಿದ್ದರೂ ಉಂಡು, ಮಾತನಾಡಿ, ಹೊಲದ ಬದುವಿನವರೆಗೆ ನಡೆದುಹೋಗಿ ಬರುವ ಮನುಷ್ಯರು ನಮ್ಮ ನಡುವೆ ಇರಬಲ್ಲರು. ಅವರ ಹೃದಯದ ಎಡಭಾಗದ ಕೆಲಸವನ್ನು ಎದೆಯೊಳಗೆ ಕೂಡಿಸಿದ ಒಂದು ಸಣ್ಣ ಪಂಪು ಹೊತ್ತುಕೊಂಡಿರುತ್ತದೆ. ಅಂಥವರ ಮನೆಯವರಿಗೆ ನಾಡಿಯ ಬದಲಾಗಿ ಕಾಣುವುದು, ರೋಗಿಯ ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಮೂಡುವ ನಾಲ್ಕು ಅಂಕಿಗಳು. ಆ ಅಂಕಿಗಳನ್ನು ಓದುವ ಕ್ರಮವೇನು, ಅವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

ವೈದ್ಯರು ಬರೆಯಬೇಕಾದುದನ್ನು ಕನ್ನಡ ಪಂಡಿತನು ಬರೆಯಹೊರಟಿರುವುದೇಕೆಂದು ವಾಚಕರು ಕೇಳಬಹುದು. ನಮ್ಮ ವಿದ್ಯಾಶಾಲೆಯಲ್ಲಿಯೇ ಓದಿದ ಹಳೆಯ ವಿದ್ಯಾರ್ಥಿಯೊಬ್ಬರ ಅಣ್ಣನವರಿಗೆ ಇಂಥ ಯಂತ್ರವನ್ನು ಅಳವಡಿಸಿ ಅರಕಲಗೂಡಿನ ಕಡೆಯ ಊರಿಗೆ ಕಳುಹಿಸಿಕೊಡಲಾಯಿತು. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಹಗಲಿರುಳೂ ನೋಡಿಕೊಳ್ಳುವವರು ಅಣ್ಣನವರ ಶ್ರೀಮತಿಯವರು. ಬಸ್ಸಿನ ನಂಬರು, ನೋಟಿನ ಮೇಲಿನ ಅಂಕಿ ಅವರಿಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಅಕ್ಷರಗಳ ಪರಿಚಯ ಮಾತ್ರ ಇಲ್ಲ. ‘ಪಂಡಿತರೇ, ಇದನ್ನು ನಮ್ಮ ಅತ್ತಿಗೆಗೆ ತಿಳಿಯುವಂತೆ ಕನ್ನಡದಲ್ಲಿ ಬರೆದುಕೊಡಿ’ ಎಂದು ಆ ವಿದ್ಯಾರ್ಥಿ ಕೇಳಿದರು. ಬರೆಯಲು ಕುಳಿತಾಗ, ಶಬ್ದಗಳಿಗಿಂತ ಮೊದಲು ಶಬ್ದಗಳ ಹಿಂದಿರುವ ವಸ್ತುವನ್ನು ತಿಳಿದುಕೊಳ್ಳಬೇಕಾಯಿತು. ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ಜಿಲ್ಲೆಯಲ್ಲಿ ಹೃದಯದ ಮಾತು ಈಚೆಗೆ ಮನೆಮನೆಯ ಮಾತಾಗಿದೆ. 2025ರ ಮೇ ತಿಂಗಳ ಕೊನೆಯಿಂದ ಜುಲೈವರೆಗೆ ಹಾಸನ ಜಿಲ್ಲೆಯಲ್ಲಿ ಹಠಾತ್ ಸಾವುಗಳ ಸುದ್ದಿ ದಿನಬೆಳಗಾದರೆ ಪತ್ರಿಕೆಗಳಲ್ಲಿ ಬರುತ್ತಿತ್ತು. ಸತ್ತವರಲ್ಲಿ ಎಳೆಯ ಪ್ರಾಯದವರೂ ಇದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಜನ ಎದೆಯಲ್ಲಿ ಸ್ವಲ್ಪ ಉರಿ ಕಂಡರೂ ಮೈಸೂರಿನ ಜಯದೇವ ಆಸ್ಪತ್ರೆಗೆ, ಬೆಂಗಳೂರಿಗೆ ಧಾವಿಸಿದರು. ಆಸ್ಪತ್ರೆಗಳ ಮುಂದೆ ನಸುಕಿನಿಂದಲೇ ಸಾಲುಗಳು ನಿಂತವು. ಸರ್ಕಾರವು ಜಯದೇವ ಹೃದ್ರೋಗ ವಿಜ್ಞಾನ ಸಂಸ್ಥೆಯ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಹಿಂದಿನ ಕಾಲಕ್ಕೆ ಹೋಲಿಸಿದರೆ ಜಿಲ್ಲೆಯಲ್ಲಿ ಅಸಹಜವಾದ ಏರಿಕೆಯೇನೂ ಇಲ್ಲವೆಂದು ಸಮಿತಿ ವರದಿ ಕೊಟ್ಟಿತು. ಭಯ ಇಳಿಯಿತು. ಆದರೆ ಹೃದಯಾಘಾತದಿಂದ ಸತ್ತವರ ಲೆಕ್ಕ ಪತ್ರಿಕೆಗೆ ಬಂದಂತೆ, ಅದರಿಂದ ಬದುಕುಳಿದವರ ಕಥೆ ಬರುವುದಿಲ್ಲ. ಆಘಾತದಲ್ಲಿ ಸತ್ತುಹೋದ ಸ್ನಾಯು ಮತ್ತೆ ಚಿಗುರುವುದಿಲ್ಲ. ಉಳಿದ ಸ್ನಾಯು ಹೆಚ್ಚಿನ ಹೊರೆಯನ್ನು ಹೊತ್ತು, ಹಿಗ್ಗಿ, ಕೆಲವರಲ್ಲಿ ವರುಷಗಳ ತರುವಾಯ ಸೋಲುತ್ತದೆ. ಹಾಗೆ ಸೋತ ಹೃದಯಕ್ಕೆ ಔಷಧಗಳಿವೆ. ಅವೂ ಸಾಲದಾದಾಗ ಇನ್ನೊಬ್ಬರ ಹೃದಯವನ್ನು ಕಸಿಮಾಡಬಹುದು. ಆದರೆ ದಾನಿಗಳು ವಿರಳ. ಅಲ್ಲಿಯವರೆಗೆ, ಅಥವಾ ಕಸಿಗೆ ಅರ್ಹರಲ್ಲದವರಲ್ಲಿ ಕೊನೆಯವರೆಗೆ, ಆಸರೆಯಾಗಬಲ್ಲದು ಈ ಪಂಪು.

ಇದರ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೃದಯದ ಕೆಲಸಕ್ಕೆ ಯಂತ್ರದ ನೆರವನ್ನು ಕೊಡುವ ಪ್ರಯೋಗಗಳು 1960ರ ದಶಕದಲ್ಲಿ ಅಮೆರಿಕದಲ್ಲಿ ಮೊದಲಾದವು. ಮೊದಮೊದಲಿನ ಯಂತ್ರಗಳು ಹೃದಯದಂತೆಯೇ ಹಿಗ್ಗಿ ಕುಗ್ಗಿ ಮಿಡಿಯುವಂಥವು. ಗಾತ್ರದಲ್ಲಿ ದೊಡ್ಡವು, ಬೇಗ ಸವೆಯುವಂಥವು. ಬಳಿಕ ಬಂದವು ತಿರುಗುವ ಪಂಪುಗಳು. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲಿ ಆಸ್ಟ್ರೇಲಿಯದ ವೆಂಟ್ರಾಸಿಸ್ಟ್ ಎಂಬ ತಿರುಗುವ ಪಂಪನ್ನು ರೋಗಿಯೊಬ್ಬರಿಗೆ ಅಳವಡಿಸಿದಾಗ ಅದು ದೇಶದಲ್ಲಿಯೇ ದೊಡ್ಡ ಸುದ್ದಿಯಾಗಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿ ಮರುವರುಷವೇ ಬಾಗಿಲು ಮುಚ್ಚಿತು. ಹಾರ್ಟ್‌ವೇರ್ ಎಂಬ ಇನ್ನೊಂದು ಪಂಪಿನ ಮಾರಾಟವನ್ನು ಮೆಡ್‌ಟ್ರಾನಿಕ್ ಕಂಪನಿ 2021ರ ಜೂನ್‌ನಲ್ಲಿ ನಿಲ್ಲಿಸಿತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಅಬಾಟ್ ಕಂಪನಿಯ ಹಾರ್ಟ್‌ಮೇಟ್ 3. ಇದರೊಳಗಿನ ಚಕ್ರ ಅಯಸ್ಕಾಂತದ ಬಲದಿಂದ ಯಾವ ಅಚ್ಚನ್ನೂ ತಾಗದೆ ರಕ್ತದ ನಡುವೆ ತೇಲುತ್ತಾ ತಿರುಗುತ್ತದೆ. ನಮ್ಮ ಶರಣರ ಪರಿಭಾಷೆಯ ‘ನಿರಾಲಂಬ’ ಎಂಬ ಶಬ್ದ ಇಲ್ಲಿಗೆ ಹೊಂದೀತೇನೋ. ಇದನ್ನು ಧರಿಸಿದವರಲ್ಲಿ ನೂರಕ್ಕೆ ಸುಮಾರು 58 ಮಂದಿ ಐದು ವರುಷದ ಬಳಿಕವೂ ಬದುಕಿದ್ದರೆಂದು 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತಿಳಿಸಿತು. ಇದರ ಹಿಂದಿನ ಮಾದರಿಯಲ್ಲಿ ಆ ಸಂಖ್ಯೆ ಸುಮಾರು 44. ಬೆಲೆಯ ಮಾತು ಬೇರೆ. ನಮ್ಮ ಕಡೆಯ ಸಾಮಾನ್ಯ ಕುಟುಂಬಕ್ಕೆ ಅದು ಎಟುಕುವಂಥದಲ್ಲ. ಬಂಧುಮಿತ್ರರೂ ದಾನಿಗಳೂ ಕೂಡಿ ನಿಂತಾಗ ಮಾತ್ರ ಸಾಧ್ಯವಾಗುವ ಕೆಲಸವಿದು.

ಪಂಪು ಕುಳಿತಿರುವುದು ಎಡ ಹೃತ್ಕುಕ್ಷಿಯ ತುದಿಯಲ್ಲಿ. ಅಲ್ಲಿಂದ ರಕ್ತವನ್ನು ಸೆಳೆದು, ಬಟ್ಟೆಯಂಥ ವಸ್ತುವಿನಿಂದ ಮಾಡಿದ ಕೊಳವೆಯ ಮೂಲಕ ಮಹಾಪಧಮನಿಗೆ ನೂಕುತ್ತದೆ. ಪಂಪಿನಿಂದ ಹೊರಟ ಒಂದು ತಂತಿ ಹೊಟ್ಟೆಯ ಚರ್ಮವನ್ನು ತೂರಿ ಹೊರಬಂದು ಕಂಟ್ರೋಲರ್ ಎಂಬ ಪೆಟ್ಟಿಗೆಯನ್ನು ಸೇರುತ್ತದೆ. ಕಂಟ್ರೋಲರಿಗೆ ವಿದ್ಯುತ್ತು ಎರಡು ಬ್ಯಾಟರಿಗಳಿಂದ, ಇಲ್ಲವೆ ಗೋಡೆಯ ಪ್ಲಗ್ಗಿನಿಂದ ಬರುತ್ತದೆ. ಪೆಟ್ಟಿಗೆಯ ಮೇಲಿನ ಗುಂಡಿಯನ್ನು ಒಂದೊಂದು ಸಲ ಒತ್ತಿದಂತೆ ಒಂದೊಂದು ಅಂಕಿ ಪರದೆಯ ಮೇಲೆ ಬರುತ್ತದೆ.

ಇಂಗ್ಲಿಷಿನಲ್ಲಿ ಸ್ಪೀಡ್ ಎಂದಿರುವುದಕ್ಕೆ ‘ವೇಗ’ ಎಂದೂ, ಪವರ್ ಎಂದಿರುವುದಕ್ಕೆ ‘ವಿದ್ಯುತ್ ವ್ಯಯ’ ಎಂದೂ, ಫ್ಲೋ ಎಂಬುದಕ್ಕೆ ‘ಹರಿವು’ ಎಂದೂ ನಾನು ಬರೆದುಕೊಟ್ಟೆ. ಪವರಿಗೆ ‘ಶಕ್ತಿ’ ಎನ್ನಬಹುದಿತ್ತು. ಆದರೆ ಆ ಅಂಕಿ ಹೆಚ್ಚಿದರೆ ರೋಗಿಗೆ ಶಕ್ತಿ ಹೆಚ್ಚಿತೆಂದು ಮನೆಯವರು ಸಂತೋಷಪಟ್ಟುಬಿಡುವ ಅಪಾಯವಿತ್ತು. ಪಿ.ಐ. ಎಂದು ತೋರುವ ನಾಲ್ಕನೆಯದಕ್ಕೆ ‘ಮಿಡಿತದ ಸೂಚ್ಯಂಕ’ ಎಂದಿಟ್ಟೆ. ವೇಗವೆಂದರೆ ಚಕ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂಬುದು. ಹಾರ್ಟ್‌ಮೇಟ್ 3ರಲ್ಲಿ ಸಾಮಾನ್ಯವಾಗಿ 5,000ದಿಂದ 6,000. ಇದನ್ನು ನಿಶ್ಚಯಿಸುವವರು ವೈದ್ಯರು. ಮನೆಯಲ್ಲಿ ಬದಲಿಸಲು ಬರುವುದಿಲ್ಲ. ವಿದ್ಯುತ್ ವ್ಯಯವೆಂದರೆ ಆ ವೇಗವನ್ನು ಕಾಯ್ದುಕೊಳ್ಳಲು ಮೋಟಾರು ಎಷ್ಟು ವಾಟ್ ನುಂಗುತ್ತಿದೆ ಎಂಬುದು. ಇದು ಬಹುಮಂದಿಯಲ್ಲಿ ನಾಲ್ಕು ವಾಟಿನ ಆಸುಪಾಸು, ಅಂದರೆ ಒಂದು ಸಣ್ಣ ಎಲ್.ಇ.ಡಿ. ಬಲ್ಬಿನಷ್ಟು. ಹರಿವು ಎಂದರೆ ನಿಮಿಷಕ್ಕೆ ಎಷ್ಟು ಲೀಟರ್ ರಕ್ತ ಪಂಪನ್ನು ದಾಟುತ್ತಿದೆ ಎಂಬುದು. ಮೂರರಿಂದ ಆರು ಲೀಟರ್. ಆರೋಗ್ಯವಂತ ಹೃದಯವೂ ವಿಶ್ರಾಂತಿಯಲ್ಲಿ ನೂಕುವುದು ಸುಮಾರು ಐದು ಲೀಟರನ್ನೇ.

ಸೂಚ್ಯಂಕವನ್ನು ತುಸು ಬಿಡಿಸಿ ಹೇಳಬೇಕು. ಪಂಪು ಎಡೆಬಿಡದೆ ತಿರುಗುತ್ತಿದ್ದರೂ ರೋಗಿಯ ಸ್ವಂತ ಹೃದಯ ಪೂರ್ತಿ ಸುಮ್ಮನಿರುವುದಿಲ್ಲ. ಅದು ಕುಗ್ಗಿದಾಗ ಪಂಪಿಗೆ ರಕ್ತ ತುಸು ಹೆಚ್ಚು ನುಗ್ಗುತ್ತದೆ, ಹಿಗ್ಗಿದಾಗ ತುಸು ಕಡಿಮೆ. ಹೆಚ್ಚಿನ ಹರಿವಿನಿಂದ ಕಡಿಮೆ ಹರಿವನ್ನು ಕಳೆದು, ಸರಾಸರಿ ಹರಿವಿನಿಂದ ಭಾಗಿಸಿ, ಹತ್ತರಿಂದ ಗುಣಿಸಿದರೆ ಬರುವುದೇ ಈ ಸೂಚ್ಯಂಕ. ಹೆಚ್ಚಿನದು 5.2 ಲೀಟರ್, ಕಡಿಮೆಯದು 3.4, ಸರಾಸರಿ 4.3 ಆಗಿದ್ದರೆ ಸೂಚ್ಯಂಕ ಸುಮಾರು 4.2 ಆಗುತ್ತದೆ. ಹದಿನೈದು ಸೆಕೆಂಡುಗಳ ಸರಾಸರಿಯನ್ನು ಯಂತ್ರ ತೋರಿಸುತ್ತದೆ. ಯಂತ್ರದ ಮರೆಯಲ್ಲಿ ರೋಗಿಯ ಹೃದಯ ಎಷ್ಟು ದುಡಿಯುತ್ತಿದೆ, ಎಡ ಹೃತ್ಕುಕ್ಷಿ ಎಷ್ಟು ತುಂಬಿಕೊಳ್ಳುತ್ತಿದೆ ಎಂಬುದರ ಸುಳಿವು ಇದರಲ್ಲಿದೆ.

ಈ ನಾಲ್ಕೂ ಅಂಕಿಗಳು ಒಂದೇ ಪರದೆಯ ಮೇಲೆ ಒಂದೇ ಗಾತ್ರದಲ್ಲಿ ಮೂಡುತ್ತವೆಯಾದ್ದರಿಂದ, ನಾಲ್ಕಕ್ಕೂ ಒಂದೇ ಬೆಲೆಯೆಂದು ತೋರುತ್ತದೆ. ಹಾಗಿಲ್ಲ. ವೇಗ ಮತ್ತು ವಿದ್ಯುತ್ ವ್ಯಯಗಳನ್ನು ಯಂತ್ರ ನಿಜವಾಗಿ ಅಳೆಯುತ್ತದೆ. ಹರಿವನ್ನು ಅಳೆಯುವುದಿಲ್ಲ. ಇಷ್ಟು ವೇಗದಲ್ಲಿ ತಿರುಗಲು ಇಷ್ಟು ವಿದ್ಯುತ್ತು ಬೇಕಾಯಿತೆಂದರೆ ಇಷ್ಟು ರಕ್ತ ಹರಿಯುತ್ತಿರಬೇಕು ಎಂದು ಅದು ಲೆಕ್ಕಹಾಕುತ್ತದೆ. ರಕ್ತದ ಮಂದತೆಯೂ ಈ ಲೆಕ್ಕಕ್ಕೆ ಬೇಕು. ಅದಕ್ಕಾಗಿ ರಕ್ತದಲ್ಲಿ ಕೆಂಪುಕಣಗಳ ಪ್ರಮಾಣವನ್ನು ಆಸ್ಪತ್ರೆಯವರು ಪರೀಕ್ಷಿಸಿ ಯಂತ್ರಕ್ಕೆ ಊಡಿರುತ್ತಾರೆ. ಸೂಚ್ಯಂಕವಾದರೋ ಹೀಗೆ ಲೆಕ್ಕಹಾಕಿದ ಹರಿವಿನಿಂದ ಮತ್ತೆ ಲೆಕ್ಕಹಾಕಿದ್ದು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೊದಲಿನ ಎರಡು ಪ್ರತ್ಯಕ್ಷ, ಕೊನೆಯ ಎರಡು ಅನುಮಾನ. ಸಂಸ್ಕೃತದಲ್ಲಿ ಅನುಮಾನವೆಂದರೆ ಹೇತುವಿನಿಂದ ತಿಳಿದುಕೊಳ್ಳುವ ಪ್ರಮಾಣ. ಅದೇ ಶಬ್ದ ಕನ್ನಡಕ್ಕೆ ಬಂದು ಸಂಶಯವೆಂಬ ಅರ್ಥವನ್ನು ಪಡೆದುಕೊಂಡಿತು. ಈ ಯಂತ್ರದ ಹರಿವಿನ ಅಂಕಿಗೆ ಎರಡು ಅರ್ಥಗಳೂ ಸಲ್ಲುತ್ತವೆ.

ನಮ್ಮ ರೈತರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೊಳವೆಬಾವಿಯ ಪ್ಯಾನೆಲ್ ಬೋರ್ಡಿನಲ್ಲಿ ಆಂಪಿಯರ್ ಮೀಟರಿರುತ್ತದೆ. ಚನ್ನರಾಯಪಟ್ಟಣದ ತೆಂಗಿನ ತೋಟದವರು ಆ ಮುಳ್ಳನ್ನು ನೋಡಿಯೇ ನೆಲದಡಿಯ ಸ್ಥಿತಿಯನ್ನು ಹೇಳುತ್ತಾರೆ. ಮುಳ್ಳು ಮಾಮೂಲಿಗಿಂತ ಕೆಳಗಿಳಿದರೆ ಮೋಟಾರು ಹಗುರವಾಗಿ ತಿರುಗುತ್ತಿದೆ, ಅಂದರೆ ಬಾವಿಯಲ್ಲಿ ನೀರು ಬತ್ತಿದೆ ಎಂದರ್ಥ. ಮುಳ್ಳು ಮೇಲಕ್ಕೇರಿದರೆ ಮರಳೋ ಮತ್ತೇನೋ ಸಿಕ್ಕಿಕೊಂಡು ಚಕ್ರ ಬಿಗಿದಿದೆ, ಇಲ್ಲವೆ ವಿದ್ಯುತ್ತಿನಲ್ಲಿಯೇ ಏರುಪೇರಾಗಿದೆ. ಹೃದಯದ ಪಂಪೂ ಇದೇ ನಿಯಮಕ್ಕೆ ಒಳಪಟ್ಟದ್ದು. ವ್ಯತ್ಯಾಸವಿರುವುದು ಒಂದು ಕಡೆ. ರೈತನು ಅನುಮಾನ ಬಂದರೆ ತೊಟ್ಟಿಯ ಬಳಿಗೆ ನಡೆದುಹೋಗಿ ಕೊಳವೆಯ ಬಾಯಲ್ಲಿ ನೀರು ಎಷ್ಟು ಬೀಳುತ್ತಿದೆಯೆಂದು ಕಣ್ಣಾರೆ ನೋಡಬಲ್ಲನು. ಎದೆಯೊಳಗಿನ ಪಂಪಿನ ಕೊಳವೆಯ ಬಾಯಿ ಯಾರಿಗೂ ಕಾಣದು. ಆದ್ದರಿಂದ ರೋಗಿಯ ಮುಖ, ಉಸಿರು, ಕಾಲಿನ ಬಾವು, ಮೂತ್ರದ ಬಣ್ಣ ಇವುಗಳೇ ಇಲ್ಲಿ ತೊಟ್ಟಿಯ ಸ್ಥಾನದಲ್ಲಿ ನಿಲ್ಲುತ್ತವೆ.

ವ್ಯಯ ಹೆಚ್ಚಾದರೆ ಹರಿವು ಹೆಚ್ಚು ಎಂಬ ಯಂತ್ರದ ನಿಯಮ ಸಾಮಾನ್ಯವಾಗಿ ಸರಿ. ಆದರೆ ಪಂಪಿನೊಳಗೆ ರಕ್ತ ಹೆಪ್ಪುಗಟ್ಟಿ ಚಕ್ರಕ್ಕೆ ಅಂಟಿಕೊಂಡಿತೆನ್ನೋಣ. ಚಕ್ರವು ಕಷ್ಟದಿಂದ ತಿರುಗುತ್ತದೆ. ವೇಗವನ್ನು ಕಾಯ್ದುಕೊಳ್ಳಲು ಮೋಟಾರು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ವ್ಯಯ ಹೆಚ್ಚಿದ್ದನ್ನು ಕಂಡ ಯಂತ್ರ, ತನ್ನ ನಿಯಮದಂತೆ, ಹರಿವು ಹೆಚ್ಚಿತೆಂದು ಪರದೆಯ ಮೇಲೆ ಬರೆಯುತ್ತದೆ. ನಿಜದಲ್ಲಿ ಹರಿವು ಕಡಿಮೆಯಾಗಿರುತ್ತದೆ. ನಿನ್ನೆ 4.2 ಲೀಟರಿದ್ದದ್ದು ಇಂದು 6 ಆಯಿತು, ಯಜಮಾನರು ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಮನೆಯವರು ತಿಳಿದುಕೊಂಡ ದಿನವೇ ಆಸ್ಪತ್ರೆಗೆ ಓಡಬೇಕಾದ ದಿನವಾಗಿರಬಹುದು. ತರ್ಕಸಂಗ್ರಹವನ್ನು ಓದಿದವರಿಗೆ ಇದು ಹೊಸದಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಬೆಂಕಿಯಿಂದ ಹೊಗೆಯನ್ನು ಊಹಿಸಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿ ಸೌದೆಯಿದ್ದರೆ ಮಾತ್ರ ಹೊಗೆ. ಆ ಹಸಿ ಸೌದೆಗೆ ‘ಉಪಾಧಿ’ಯೆಂದು ಹೆಸರು. ಚಕ್ರವು ನಿರಾತಂಕವಾಗಿ ತಿರುಗುತ್ತಿರಬೇಕೆಂಬುದು ಹರಿವಿನ ಅಂಕಿಯ ಉಪಾಧಿ. ಅದು ತಪ್ಪಿದರೆ ಅಂಕಿ ಹೇತ್ವಾಭಾಸದ ಫಲ. ಅಚ್ಚಿಲ್ಲದ ಚಕ್ರವುಳ್ಳ ಹಾರ್ಟ್‌ಮೇಟ್ 3ರಲ್ಲಿ ಹೆಪ್ಪುಗಟ್ಟುವುದು ಹಿಂದಿನವುಗಳಿಗಿಂತ ತೀರ ವಿರಳವೆಂಬುದು ಸಮಾಧಾನದ ಸಂಗತಿ. ಆದರೂ ರಕ್ತವನ್ನು ತೆಳುವಾಗಿಡುವ ವಾರ್ಫರಿನ್ ಮಾತ್ರೆಯನ್ನು ತಪ್ಪಿಸುವಂತಿಲ್ಲ. ಲೆಕ್ಕದ ಮಿತಿಯನ್ನು ಮೀರಿದಾಗ ಹರಿವಿನ ಜಾಗದಲ್ಲಿ ಅಂಕಿಯ ಬದಲು ಕೂಡುವ ಚಿಹ್ನೆಗಳೋ ಕಳೆಯುವ ಚಿಹ್ನೆಗಳೋ ಸಾಲಾಗಿ ಮೂಡುವುದೂ ಉಂಟು. ತನ್ನ ಅನುಮಾನ ತನಗೇ ಸಾಲದೆಂದು ಯಂತ್ರವೇ ಒಪ್ಪಿಕೊಂಡಂತೆ ಅದು!

ಒಂದೇ ಅಂಕಿಯನ್ನು ಹಿಡಿದು ನಿರ್ಣಯಕ್ಕೆ ಬರಬಾರದು, ನಾಲ್ಕನ್ನೂ ಕೂಡಿಸಿ ಓದಬೇಕು ಎಂಬುದಕ್ಕೆ ಇನ್ನೂ ಒಂದೆರಡು ಉದಾಹರಣೆಗಳನ್ನು ಕೊಡುತ್ತೇನೆ. ಒಬ್ಬರ ಮಾಮೂಲಿ ಅಂಕಿಗಳು ವೇಗ 5,400, ಹರಿವು 4.2, ಸೂಚ್ಯಂಕ 3.5, ವ್ಯಯ 3.9 ವಾಟ್ ಎಂದಿಟ್ಟುಕೊಳ್ಳೋಣ. ಒಂದು ದಿನ ಹರಿವು 3.1ಕ್ಕೆ ಇಳಿದು ಸೂಚ್ಯಂಕವೂ 2ಕ್ಕೆ ಇಳಿದರೆ, ಪಂಪಿಗೆ ಸಾಕಷ್ಟು ರಕ್ತ ಬಂದು ತಲುಪುತ್ತಿಲ್ಲವೆಂದು ಶಂಕಿಸಬೇಕು. ವಾಂತಿಭೇದಿ, ಬೇಸಗೆಯ ಬೆವರು, ಎಲ್ಲಿಯಾದರೂ ಒಳಗೇ ರಕ್ತ ಸೋರುತ್ತಿರುವುದು, ಇಲ್ಲವೆ ಹೃದಯದ ಬಲಭಾಗ ಸೋತಿರುವುದು, ಇವೆಲ್ಲವೂ ಕಾರಣಗಳಾಗಬಹುದು. ನಮ್ಮ ಸಮಾಜದವರು ವಿಶೇಷವಾಗಿ ನೆನಪಿಡಬೇಕಾದ ಒಂದು ಮಾತು ಇಲ್ಲಿದೆ. ಶಿವರಾತ್ರಿಯಂದು ನೀರನ್ನೂ ಮುಟ್ಟದೆ ಉಪವಾಸವಿದ್ದು ಜಾಗರಣೆ ಮಾಡುವ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಈ ಯಂತ್ರವನ್ನು ಧರಿಸಿದವರಿಗೆ ಅದು ಸಲ್ಲದು. ಬತ್ತಿದ ಬಾವಿಯಲ್ಲಿ ಪಂಪು ಗಾಳಿಯನ್ನು ಎಳೆಯುವಂತೆ, ರಕ್ತ ಸಾಲದೆ ಹೋದಾಗ ಈ ಪಂಪು ಹೃದಯದ ಗೋಡೆಯನ್ನೇ ತನ್ನತ್ತ ಸೆಳೆದುಕೊಳ್ಳುತ್ತದೆ. ಆಗ ಯಂತ್ರ ತಾನೇ ಕ್ಷಣಕಾಲ ವೇಗವನ್ನು ತಗ್ಗಿಸಿ, ಮತ್ತೆ ಮೆಲ್ಲನೆ ಏರಿಸುತ್ತದೆ. ಅಪರೂಪಕ್ಕೊಮ್ಮೆ ಹೀಗಾದರೆ ಹೆದರಬೇಕಾಗಿಲ್ಲ. ಮೇಲಿಂದ ಮೇಲೆ ಆಗುತ್ತಿದ್ದರೆ ಆಸ್ಪತ್ರೆಗೆ ಫೋನು ಮಾಡಬೇಕು. ಹಾಗೆಂದು ಮನಸ್ಸಿಗೆ ಬಂದಷ್ಟು ನೀರು ಕುಡಿಯುವುದೂ ಸರಿಯಲ್ಲ. ಎಷ್ಟೆಂಬುದನ್ನು ವೈದ್ಯರು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಗೊತ್ತುಮಾಡಿರುತ್ತಾರೆ.

ಇನ್ನೊಂದು ದಿನ ಅದೇ ವ್ಯಕ್ತಿಯಲ್ಲಿ ಹರಿವು 3.3ಕ್ಕೆ ಇಳಿದು, ಸೂಚ್ಯಂಕ ಇಳಿಯದೆ 6ಕ್ಕೆ ಏರಿತೆನ್ನಿ. ಈಗ ಕಥೆ ಬೇರೆ. ಬಾವಿಯಲ್ಲಿ ನೀರಿದೆ; ಎದುರಿಗೆ ಒತ್ತಡ ಹೆಚ್ಚಾಗಿದೆ. ಅಂದರೆ ರಕ್ತದೊತ್ತಡ ಏರಿರಬಹುದು. ಈ ಬಗೆಯ ಪಂಪು ಎದುರಿನ ಒತ್ತಡ ಹೆಚ್ಚಿದಷ್ಟೂ ಕಡಿಮೆ ನೂಕುತ್ತದೆ. ಒತ್ತಡದ ಮಾತ್ರೆಯನ್ನು ಮರೆತವರಲ್ಲಿ, ಉಪ್ಪಿನಕಾಯಿ ಹಪ್ಪಳಗಳನ್ನು ಬಿಡಲಾರದವರಲ್ಲಿ ಇದು ಕಾಣಬಹುದು. ಜ್ವರ ಬಂದು ಸೋಂಕು ಮೈಗೆಲ್ಲ ಹರಡಿದಾಗ ರಕ್ತನಾಳಗಳು ಸಡಿಲಗೊಂಡು ಹರಿವು ಹೆಚ್ಚಿ ಸೂಚ್ಯಂಕ ಇಳಿಯುವುದುಂಟು. ಹೊಟ್ಟೆಯಿಂದ ತಂತಿ ಹೊರಬರುವ ಜಾಗವೇ ಸೋಂಕಿನ ಹೆಬ್ಬಾಗಿಲು. ಅಲ್ಲಿ ಕೆಂಪಾಗಿದೆಯೇ, ಕೀವಿದೆಯೇ ಎಂದು ದಿನವೂ ನೋಡಬೇಕು. ಇಷ್ಟನ್ನು ಮನೆಯವರು ತಿಳಿದಿರುವುದು ತಾವೇ ಚಿಕಿತ್ಸೆ ಮಾಡಲೆಂದಲ್ಲ. ಫೋನಿನಲ್ಲಿ ‘ಏನೋ ಸರಿಯಿಲ್ಲ’ ಎನ್ನುವುದರ ಬದಲು ‘ಹರಿವು ಒಂದು ಲೀಟರ್ ಇಳಿದಿದೆ, ಸೂಚ್ಯಂಕ ಏರಿದೆ, ವೇಗದಲ್ಲಿ ಬದಲಾವಣೆಯಿಲ್ಲ’ ಎಂದು ಹೇಳಿದರೆ ನೂರಾರು ಕಿಲೋಮೀಟರು ದೂರದಲ್ಲಿರುವ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಹೀಗೆ ಹೇಳಬೇಕಾದರೆ ಮಾಮೂಲಿ ಏನೆಂಬುದು ಗೊತ್ತಿರಬೇಕು. ಪುಸ್ತಕದಲ್ಲಿರುವ ಮೇಲುಮಿತಿ ಕೆಳಮಿತಿಗಳಿಗಿಂತ ಆ ವ್ಯಕ್ತಿಯ ನಿನ್ನೆಯ ಅಂಕಿ, ಹೋದ ತಿಂಗಳ ಅಂಕಿ ಮುಖ್ಯ. ಆದ್ದರಿಂದ ಯಂತ್ರದ ಎಚ್ಚರಿಕೆಯ ಗಂಟೆಗಿಂತ ಮನೆಯ ದಿನವಹಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಬೆಳಗ್ಗೆ ಒಂದು ನಿಗದಿಯಾದ ಹೊತ್ತಿಗೆ, ಕುಳಿತು ವಿಶ್ರಾಂತಿಯಲ್ಲಿರುವಾಗ, ನಾಲ್ಕು ಅಂಕಿಗಳನ್ನೂ ಮೈತೂಕವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಬೇಕು. ನಮ್ಮ ಹಿರಿಯರು ಕಡತಗಳಲ್ಲಿ ಅಡಕೆ ತೆಂಗಿನ ಲೆಕ್ಕವನ್ನು ಒಂದು ದಿನವೂ ತಪ್ಪಿಸದೆ ಬರೆಯುತ್ತಿದ್ದರು. ಅದೇ ಶಿಸ್ತು ಇಲ್ಲಿಗೂ ಸಾಕು. ಇದರ ಪ್ರಯೋಜನಕ್ಕೆ ಒಂದು ಸಾಕ್ಷಿ ಇದೆ. ಪಂಪಿನಿಂದ ಮಹಾಪಧಮನಿಗೆ ಹೋಗುವ ಕೊಳವೆಗೂ ಅದರ ಹೊರಗಿನ ಕವಚಕ್ಕೂ ನಡುವೆ ದೇಹದ ದ್ರವ್ಯ ಸಂಗ್ರಹವಾಗುತ್ತಾ ಹೋಗಿ, ಕೊಳವೆಯನ್ನು ಹೊರಗಿನಿಂದ ಒತ್ತಿ ಕಿರಿದುಗೊಳಿಸುವ ಸಂಭವವಿದೆಯೆಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಿತು. ಇದು ಸಾಮಾನ್ಯವಾಗಿ ಎರಡು ವರುಷಗಳಿಗೂ ಮೇಲ್ಪಟ್ಟು ನಿಧಾನವಾಗಿ ಬೆಳೆಯುವ ತೊಡಕು. ದಿನದಿಂದ ದಿನಕ್ಕೆ ನೋಡಿದರೆ ತಿಳಿಯದು. ಹರಿವು ಎರಡೂವರೆ ಲೀಟರಿಗಿಂತ ಕೆಳಗಿಳಿದಾಗ ಗಂಟೆ ಬಾರಿಸುತ್ತದೆ, ನಿಜ. ಆದರೆ 4.4ರಿಂದ 3ರವರೆಗೆ ತಿಂಗಳುಗಟ್ಟಲೆ ಇಳಿಯುತ್ತಾ ಬಂದುದನ್ನು ತೋರಿಸಬಲ್ಲದು ನೋಟುಪುಸ್ತಕದ ಹಿಂದಿನ ಪುಟಗಳೇ.

ನಾಡಿಯ ವಿಚಾರಕ್ಕೆ ಸಂಬಂಧಪಟ್ಟಂತೆ ಊರಿನವರಿಗೂ ಅಧ್ಯಾಪಕ ಬಂಧುಗಳಿಗೂ ಒಂದು ಸೂಚನೆ ಅವಶ್ಯಕ. ಹಾರ್ಟ್‌ಮೇಟ್ 3 ಎರಡು ಸೆಕೆಂಡಿಗೊಮ್ಮೆ ವೇಗವನ್ನು ಕ್ಷಣಮಾತ್ರ ತಗ್ಗಿಸಿ ಏರಿಸಿ ಒಂದು ಕೃತಕ ಮಿಡಿತವನ್ನು ಉಂಟುಮಾಡುತ್ತದೆ. ಆದರೂ ಅನೇಕರಲ್ಲಿ ಅದು ಬೆರಳಿಗೆ ಸಿಗುವಷ್ಟು ಬಲವಾಗಿರುವುದಿಲ್ಲ. ಮಾಮೂಲಿ ರಕ್ತದೊತ್ತಡದ ಯಂತ್ರ ‘ತಪ್ಪು’ ಎಂದು ತೋರಬಹುದು. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕವೂ ಕೈಕೊಡಬಹುದು. ಆಸ್ಪತ್ರೆಗಳಲ್ಲಿ ಡಾಪ್ಲರ್ ಎಂಬ ಧ್ವನಿಯಂತ್ರದಿಂದ ಒತ್ತಡವನ್ನು ನೋಡುತ್ತಾರೆ. ಇಂಥವರೊಬ್ಬರು ಹಾಸನದ ಬಸ್ ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿ ಬಿದ್ದರೆ, ನಾಡಿ ಹಿಡಿದು ನೋಡಿದವರು ‘ಮುಗಿಯಿತು’ ಎಂದು ಕೈಚೆಲ್ಲುವ ಸಂಭವವಿದೆ. ಹಾಗಾಗಬಾರದು. ಸೊಂಟದಲ್ಲಿ ಪೆಟ್ಟಿಗೆಯಿದೆಯೇ ಎಂದು ನೋಡಬೇಕು. ಎದೆಗೆ ಕಿವಿಗೊಟ್ಟರೆ ಪಂಪಿನ ಗುಂಯ್ಗುಡುವ ಸದ್ದು ಕೇಳಿಸಬೇಕು. ತಂತಿ ಕಳಚಿದ್ದರೆ ಸೇರಿಸಬೇಕು. ಸದ್ದೂ ಇಲ್ಲ, ಉಸಿರೂ ಇಲ್ಲ, ಯಂತ್ರವನ್ನು ಮತ್ತೆ ನಡೆಸಲಾಗಲಿಲ್ಲ ಎಂದಾದರೆ ಉಳಿದವರಿಗೆ ಮಾಡುವಂತೆಯೇ ಎದೆಯನ್ನೊತ್ತಬೇಕೆಂದು ಅಮೆರಿಕದ ಹೃದಯ ಸಂಘ 2017ರ ತನ್ನ ಹೇಳಿಕೆಯಲ್ಲಿ ತಿಳಿಸಿದೆ. 108ಕ್ಕೆ ಕರೆಮಾಡುವಾಗಲೇ ‘ಹೃದಯದ ಪಂಪು ಇರುವವರು’ ಎಂದು ಹೇಳಿಬಿಡುವುದು ಒಳ್ಳೆಯದು.

ಇನ್ನು ವಿದ್ಯುತ್ತಿನ ವಿಚಾರ. ಪರದೆಯ ಬಳಿ ಬ್ಯಾಟರಿಯ ಸ್ಥಿತಿಯನ್ನು ತೋರುವ ಹಸಿರು ದೀಪಗಳಿವೆ. ವಜ್ರಾಕೃತಿಯ ಹಳದಿ ದೀಪ ಹೊತ್ತಿದರೆ ಕಾಲು ಗಂಟೆಗಿಂತ ಕಡಿಮೆ, ಬ್ಯಾಟರಿಯಾಕೃತಿಯ ಕೆಂಪು ದೀಪ ಹೊತ್ತಿದರೆ ಐದು ನಿಮಿಷಕ್ಕಿಂತ ಕಡಿಮೆ ಅವಧಿ ಉಳಿದಿದೆ ಎಂದರ್ಥ. ಹೃದಯಾಕೃತಿಯ ಕೆಂಪು ದೀಪ ಪಂಪಿನದೇ ಅಪಾಯವನ್ನು ಸೂಚಿಸುತ್ತದೆ. ಎರಡೂ ತಂತಿಗಳಿಗೆ ವಿದ್ಯುತ್ತು ತಪ್ಪಿಹೋದರೆ ಪೆಟ್ಟಿಗೆಯೊಳಗಿನ ತುರ್ತು ಬ್ಯಾಟರಿ ಸುಮಾರು ಹದಿನೈದು ನಿಮಿಷ ಕಾಪಾಡುತ್ತದೆ; ಅದು ಬ್ಯಾಟರಿ ಬದಲಿಸಿಕೊಳ್ಳಲು ಕೊಟ್ಟ ಬಿಡುವೇ ಹೊರತು ಬಳಸಲು ಕೊಟ್ಟದ್ದಲ್ಲ. ಬದಲಿಸುವಾಗ ಒಂದನ್ನು ತೆಗೆದು, ಹೊಸದನ್ನು ಸೇರಿಸಿ, ಆಮೇಲೆಯೇ ಇನ್ನೊಂದಕ್ಕೆ ಕೈಹಾಕಬೇಕು. ರಾತ್ರಿ ಮಲಗುವಾಗ ಬ್ಯಾಟರಿಯನ್ನು ನೆಚ್ಚದೆ ಗೋಡೆಯ ವಿದ್ಯುತ್ತಿಗೆ ಜೋಡಿಸಿಕೊಳ್ಳಬೇಕು. ನಿದ್ದೆಯಲ್ಲಿ ಗಂಟೆ ಕೇಳಿಸದೆ ಹೋದೀತು. ಆ ಪ್ಲಗ್ಗು ಮೂರು ಪಿನ್ನಿನದಾಗಿದ್ದು, ಅರ್ತಿಂಗ್ ಸರಿಯಾಗಿರಬೇಕು. ನಮ್ಮ ಹಳೆಯ ಮನೆಗಳಲ್ಲಿ ಮೂರನೆಯ ತೂತು ಅಲಂಕಾರಕ್ಕೆ ಮಾತ್ರ ಇರುತ್ತದೆಯಾದ್ದರಿಂದ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪರೀಕ್ಷಿಸಿಯೇ ರೋಗಿಯನ್ನು ಮನೆಗೆ ಕರೆತರಬೇಕು. ಮಳೆಗಾಲದ ಗಾಳಿಗೆ ಕಂಬ ಬಿದ್ದು ಎರಡು ದಿನ ಕತ್ತಲಾಗುವ ಊರುಗಳು ಅರಕಲಗೂಡಿನ ಮಲೆಯಂಚಿನಲ್ಲಿ ಇವೆ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಸ್ಥಳೀಯ ಕಚೇರಿಗೆ ಆಸ್ಪತ್ರೆಯ ಪತ್ರದೊಡನೆ ಮೊದಲೇ ತಿಳಿಸಿಟ್ಟಿರುವುದು, ಜನರೇಟರು ಇರುವ ನೆರೆಯ ಮನೆಯನ್ನೋ ಅಕ್ಕಿಗಿರಣಿಯನ್ನೋ ಗೊತ್ತುಮಾಡಿಕೊಂಡಿರುವುದು ಉಚಿತ. ಮದುವೆಗಾಗಲಿ ಜಾತ್ರೆಗಾಗಲಿ ಹೊರಟಾಗ ಪೂರ್ತಿ ತುಂಬಿದ ಇನ್ನೊಂದು ಜೊತೆ ಬ್ಯಾಟರಿಯೂ, ಆಸ್ಪತ್ರೆಯವರು ಕೊಟ್ಟಿರುವ ಎರಡನೆಯ ಕಂಟ್ರೋಲರೂ ಕೈಚೀಲದಲ್ಲಿರಬೇಕು. ಆ ಚೀಲವನ್ನು ಬಸ್ಸಿನ ಮೇಲಕ್ಕೆ ಹಾಕದೆ ಮಡಿಲಲ್ಲಿಯೇ ಇಟ್ಟುಕೊಳ್ಳಬೇಕು.